ಕೈಲಿರೋದು ಹತ್ತೇ ಬ್ಲೈಂಡ್, ಈಗೇನ್ ಮಾಡೋದು?

ನಾವು ಮೂವರು. ಒಬ್ಬ ಮಂಡ್ಯ ಟೌನಿನವನು, ಒಬ್ಬ ಮದ್ದೂರಿನವನು, ಇನ್ನೊಬ್ಬ ಮಳವಳ್ಳಿ ಕಡೆಯವನು. ಮೂರೂ ಊರಿಗೆ ಇಸ್ಪೀಟು ಹೊಸದೇನಲ್ಲ. ಯುಗಾದಿ ಬಂತು ಅಂದ್ರೆ ಅರಳಿಕಟ್ಟೆ ಮೇಲೆ, ಪಂಪ್‌ಸೆಟ್ ಮನೆ ಹಿಂದೆ ಎಲೆ ಬೀಳೋದನ್ನ ನೋಡ್ಕೊಂಡೇ ಬೆಳೆದೋರು. ಅಂದರ್ ಬಾಹರ್ ಆಡ್ತಿದ್ದೋರು ಪೊಲೀಸ್ ಜೀಪು ಬಂದ ತಕ್ಷಣ ಕಬ್ಬಿನ ಗದ್ದೆಗೆ ನುಗ್ಗೋದನ್ನೂ ನೋಡಿದ್ದೀವಿ. ಆದರೆ ಪೋಕರ್ ಕಲಿತಿದ್ದು ಹಾಸ್ಟೆಲ್‌ಗೆ ಬಂದ ಮೇಲೆ.

ಶನಿವಾರ ರಾತ್ರಿ ಒಂಬತ್ತು ಜನ ಸೇರುತ್ತೇವೆ. ನೆಲದ ಮೇಲೆ ಬೆಡ್‌ಶೀಟು, ಅದರ ಮೇಲೆ ಪ್ಲಾಸ್ಟಿಕ್ ಬಿಲ್ಲೆಗಳು. ದುಡ್ಡಿಲ್ಲ. ಬಹುಮಾನ ಹತ್ತು ಮದ್ದೂರು ವಡೆ. ಮೊದಲನೆಯವನಿಗೆ ಐದು, ಎರಡನೆಯವನಿಗೆ ಮೂರು, ಮೂರನೆಯವನಿಗೆ ಎರಡು. ಭಾನುವಾರ ಊರಿಂದ ವಾಪಸ್ ಬರೋರು ಯಾರಾದ್ರೂ ತರ್ತಾರೆ.

ಈ ಆಟದಲ್ಲಿ ನಮಗೆ ಅತಿ ಹೆಚ್ಚು ಏಟು ಕೊಟ್ಟಿರೋದು ಒಂದೇ ಪರಿಸ್ಥಿತಿ. ಎಲ್ಲರ ಮುಂದೆ ಬಿಲ್ಲೆ ಗುಡ್ಡೆ, ನಮ್ಮ ಮುಂದೆ ಮಾತ್ರ ಒಂದು ಹಿಡಿ. ಇದಕ್ಕೆ ಶಾರ್ಟ್ ಸ್ಟ್ಯಾಕ್ ಅಂತಾರೆ. ಆಗ ಹೇಗೆ ಆಡಬೇಕು ಅನ್ನೋದು ಧೈರ್ಯದ ಪ್ರಶ್ನೆ ಅಂದ್ಕೊಂಡಿದ್ವಿ. ಅದು ಪೂರ್ತಿ ಲೆಕ್ಕದ ಪ್ರಶ್ನೆ. ಆ ಲೆಕ್ಕವನ್ನ ಇಲ್ಲಿ ಬಿಡಿಸಿ ಹೇಳ್ತೀವಿ. ಅದು ಎಲ್ಲಿ ನಡೆಯಲ್ಲ ಅನ್ನೋದನ್ನೂ ಕೊನೆಗೆ ಹೇಳ್ತೀವಿ, ದಯವಿಟ್ಟು ಅಲ್ಲಿವರೆಗೂ ಓದಿ.

ಗೊತ್ತಿಲ್ಲದವರಿಗೆ ಎರಡು ಮಾತು

ನಾವು ಆಡೋದು ಟೆಕ್ಸಾಸ್ ಹೋಲ್ಡ್‌ಎಮ್. ಪ್ರತಿಯೊಬ್ಬನಿಗೆ ಎರಡು ಎಲೆ, ಎಲ್ಲರಿಗೂ ಸೇರಿ ಮಧ್ಯದಲ್ಲಿ ಐದು ಎಲೆ. ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಂಡು ಯಾರ ಕೈ ದೊಡ್ಡದು ಅಂತ ನೋಡೋದು. ಎಲ್ಲರೂ ಎಲೆ ಎಸೆದುಬಿಟ್ಟರೆ ಉಳಿದ ಒಬ್ಬ ಎಲೆ ತೋರಿಸದೇ ಗೆಲ್ಲುತ್ತಾನೆ. ಎಲೆ ಎಸೆಯೋದಕ್ಕೆ ಫೋಲ್ಡ್ ಅನ್ನೋದು. ಎದುರಿನವನು ಕಟ್ಟಿದ್ದಷ್ಟನ್ನೇ ಕಟ್ಟಿದರೆ ಕಾಲ್. ಇರೋದನ್ನೆಲ್ಲ ಒಟ್ಟಿಗೆ ಮುಂದಕ್ಕೆ ತಳ್ಳಿದರೆ ಆಲ್ ಇನ್.

ಎಲೆ ಹಂಚೋಕೆ ಮುಂಚೆಯೇ ಇಬ್ಬರು ಕಡ್ಡಾಯವಾಗಿ ಬಿಲ್ಲೆ ಕಟ್ಟಬೇಕು. ಒಬ್ಬ ಸ್ಮಾಲ್ ಬ್ಲೈಂಡ್, ಅವನ ಪಕ್ಕದವನು ಬಿಗ್ ಬ್ಲೈಂಡ್. ಇದರ ಜೊತೆ ಆಂಟಿ ಅಂತ ಒಂದು ಸುಂಕ (ಪಕ್ಕದ್ಮನೆ ಆಂಟಿ ಅಲ್ಲ, ನಗಬೇಡಿ), ನಮ್ಮಲ್ಲಿ ಅದನ್ನೂ ಬಿಗ್ ಬ್ಲೈಂಡ್‌ನವನೇ ಕೊಡ್ತಾನೆ. ಈ ಸರದಿ ಒಬ್ಬೊಬ್ಬರಾಗಿ ಸುತ್ತುತ್ತಾ ಹೋಗುತ್ತೆ. ಅರ್ಧ ಗಂಟೆಗೊಮ್ಮೆ ಬ್ಲೈಂಡ್ ಏರುತ್ತೆ. ಬಿಲ್ಲೆ ಮುಗಿದರೆ ನೀವು ಔಟ್, ಮತ್ತೆ ತಗೊಳ್ಳೋ ಹಾಗಿಲ್ಲ. ಟೂರ್ನಮೆಂಟ್ ಅಂದರೆ ಇಷ್ಟೇ.

ಎಷ್ಟು ಕಮ್ಮಿ ಇದ್ದರೆ ಕಮ್ಮಿ?

ಬಿಲ್ಲೆ ಎಣಿಸಿದರೆ ಏನೂ ಗೊತ್ತಾಗಲ್ಲ. ಅದು ಎಷ್ಟು ಸುತ್ತಿಗೆ ಬರುತ್ತೆ ಅಂತ ನೋಡಬೇಕು. ಬ್ಲೈಂಡ್ 500 ಮತ್ತು 1,000, ಆಂಟಿ 1,000 ಇದೆ ಅಂದುಕೊಳ್ಳಿ. ಅಂದರೆ ಒಂದು ಪೂರ್ತಿ ಸುತ್ತು ಸುಮ್ಮನೆ ಕೂತರೂ ನಿಮ್ಮಿಂದ 2,500 ಹೋಗುತ್ತೆ. ನಿಮ್ಮ ಹತ್ರ 10,000 ಇದ್ದರೆ 10,000 ಭಾಗಿಸು 2,500, ಉತ್ತರ 4. ಈ ಸಂಖ್ಯೆಗೆ ಎಮ್ ಅಂತ ಹೆಸರು. ಬ್ಯಾಕ್‌ಗ್ಯಾಮನ್ ಆಟದಲ್ಲಿ ಹೆಸರು ಮಾಡಿದ್ದ ಪಾಲ್ ಮ್ಯಾಗ್ರಿಯಲ್ ಅನ್ನೋರ ಹೆಸರಿನ ಮೊದಲ ಅಕ್ಷರ ಅದು. ಅದನ್ನ ಎಲ್ಲರಿಗೂ ಮುಟ್ಟಿಸಿದ್ದು ಡ್ಯಾನ್ ಹ್ಯಾರಿಂಗ್ಟನ್ ಅವರ ಪುಸ್ತಕಗಳು.

ಎಮ್ 20ಕ್ಕಿಂತ ಮೇಲಿದ್ದರೆ ಆರಾಮಾಗಿ ಯೋಚನೆ ಮಾಡಿ ಆಡಬಹುದು. 5ಕ್ಕಿಂತ ಕೆಳಗೆ ಬಂದರೆ ಆಟದ ರೂಪವೇ ಬದಲಾಗುತ್ತೆ. ಸ್ವಲ್ಪ ಕಟ್ಟಿ, ಮಧ್ಯದ ಎಲೆ ನೋಡಿ, ಆಮೇಲೆ ತೀರ್ಮಾನ ಮಾಡೋಣ ಅನ್ನೋದಕ್ಕೆ ಬಿಲ್ಲೆ ಸಾಲಲ್ಲ. ಉಳಿಯೋದು ಎರಡೇ ದಾರಿ: ಎಸೆಯೋದು, ಇಲ್ಲಾ ಪೂರ್ತಿ ತಳ್ಳೋದು.

ಕಾಯೋದಕ್ಕೂ ಬಾಡಿಗೆ ಇದೆ

ಇಲ್ಲೇ ಎಲ್ಲರೂ ಎಡವೋದು. “ಇರೋದೇ ಇಷ್ಟು, ಒಳ್ಳೇ ಎಲೆ ಬರೋವರ್ಗೂ ಕಾಯಣ ಬುಡು” ಅನ್ನಿಸುತ್ತೆ. ಕೇಳೋಕೆ ಜವಾಬ್ದಾರಿಯ ಮಾತು. ಲೆಕ್ಕ ಹಾಕಿ ನೋಡಿ.

52 ಎಲೆಯಲ್ಲಿ ಎರಡು ಎಲೆಯ ಜೋಡಿಗಳು ಒಟ್ಟು 1,326. ಒಳ್ಳೇ ಎಲೆ ಅಂದ್ರೆ ಎಕ್ಕ, ರಾಜ, ರಾಣಿ, ಗುಲಾಮ, ಇವುಗಳ ಜೋಡಿ ಅಥವಾ ಎಕ್ಕ-ರಾಜ ಅಂತ ಇಟ್ಟುಕೊಳ್ಳೋಣ. ಒಂದೊಂದು ಜೋಡಿ 6 ರೀತಿ ಬರಬಹುದು, ನಾಲ್ಕು ಜೋಡಿಗೆ 24. ಎಕ್ಕ-ರಾಜ 16 ರೀತಿ. ಒಟ್ಟು 40. ಅಂದರೆ ಸರಾಸರಿ 33 ಕೈಗೆ ಒಂದು ಸಲ. ಒಂಬತ್ತು ಜನ ಕೂತಿದ್ದರೆ 33 ಕೈ ಅಂದರೆ ಸುಮಾರು 3.7 ಸುತ್ತು. ಸುತ್ತಿಗೆ 2,500 ಅಂದರೆ ಸುಮಾರು 9,200 ಬಿಲ್ಲೆ. ನಿಮ್ಮ ಹತ್ರ ಇರೋದೇ 10,000! ಒಳ್ಳೇ ಎಲೆ ಬರೋ ಹೊತ್ತಿಗೆ ಅದರ ಮೇಲೆ ಕಟ್ಟೋಕೆ ಏನೂ ಉಳಿದಿರಲ್ಲ.

ಮದ್ದೂರು, ಮಳವಳ್ಳಿ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತೆ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗ ಅದು. ಕಟ್ಟು ನೀರು ಬಂದ ದಿನ ನಾಟಿ ಹಾಕದೆ, ಇನ್ನೂ ಚೆನ್ನಾಗಿ ನೀರು ಬರಲಿ ಅಂತ ಕೂತರೆ ಒಟ್ಲಲ್ಲಿರೋ ಪೈರು ಬಲಿತು ಹೋಗುತ್ತೆ. ಆಮೇಲೆ ಎಷ್ಟು ನೀರು ಬಂದರೂ ಇಳುವರಿ ಬರಲ್ಲ.

ನಮ್ಮ ಮಳವಳ್ಳಿಯವನು ಒಂದು ರಾತ್ರಿ ಹೀಗೇ ಕೂತ. 10,000 ಇತ್ತು. ಮೂರು ಸುತ್ತು ಎಲ್ಲಾ ಕೈ ಎಸೆದ. 2,500 ಉಳಿದಾಗ ರಾಜನ ಜೋಡಿ ಬಂತು. ಕುಣಿದಾಡಿಬಿಟ್ಟ. ತಳ್ಳಿದ, ಬಿಗ್ ಬ್ಲೈಂಡ್‌ನವನು ಕಾಲ್ ಮಾಡಿದ, ಗೆದ್ದೂ ಗೆದ್ದ. ಕೈಗೆ ಬಂದಿದ್ದು 6,500. ಅಷ್ಟೊತ್ತಿಗೆ ಬ್ಲೈಂಡ್ 1,000 ಮತ್ತು 2,000, ಆಂಟಿ 2,000 ಆಯ್ತು. ಸುತ್ತಿಗೆ 5,000. ಗೆದ್ದ ಮೇಲೆ ಅವನ ಎಮ್ 1.3! ಹತ್ತು ನಿಮಿಷದಲ್ಲಿ ಎದ್ದು ಹೋಗಿ ಮಲಗಿದ. “ಒಂದೂ ತಪ್ಪು ಆಡ್ಲಿಲ್ವಲ್ಲೋ” ಅಂತ ಗೋಳಾಡ್ತಿದ್ದ. ಆಡದೇ ಇದ್ದಿದ್ದೇ ತಪ್ಪು.

ತಳ್ಳೋದರ ಲೆಕ್ಕ

ಹಾಗಾದ್ರೆ ಸಾಧಾರಣ ಎಲೆಯಲ್ಲಿ ತಳ್ಳಿದರೆ ಲಾಭ ಎಲ್ಲಿಂದ ಬರುತ್ತೆ? ಎದುರಿನವರು ಎಸೆಯೋದರಿಂದ. ಒಂದು ಉದಾಹರಣೆ ನೋಡಿ.

ನಿಮ್ಮ ಹತ್ರ 10,000. ನಿಮ್ಮ ಮುಂಚಿನವರೆಲ್ಲ ಎಸೆದಿದ್ದಾರೆ, ನಿಮ್ಮ ನಂತರ ಇರೋದು ಎರಡು ಬ್ಲೈಂಡ್‌ಗಳು ಮಾತ್ರ. ನೀವು ಪೂರ್ತಿ ತಳ್ಳಿದ್ರಿ. 100ರಲ್ಲಿ 70 ಸಲ ಇಬ್ಬರೂ ಎಸೀತಾರೆ ಅಂದುಕೊಳ್ಳೋಣ. ಆಗ ಮಧ್ಯದಲ್ಲಿರೋ 2,500 ಸುಮ್ಮನೆ ನಿಮ್ಮದು. ಉಳಿದ 30 ಸಲ ಬಿಗ್ ಬ್ಲೈಂಡ್‌ನವನು ಕಾಲ್ ಮಾಡ್ತಾನೆ, ಆಗ ನಿಮ್ಮ ಗೆಲುವಿನ ಸಾಧ್ಯತೆ 35% ಮಾತ್ರ ಅಂತಲೇ ಇಟ್ಟುಕೊಳ್ಳಿ. ಮಧ್ಯದಲ್ಲಿ ಸೇರೋದು 21,500. ಅದರ 35% ಅಂದರೆ 7,525. ನೀವು ಹಾಕಿದ್ದು 10,000, ಸರಾಸರಿ ನಷ್ಟ 2,475.

ಈಗ ಕೂಡಿಸಿ. 0.7 ಗುಣಿಸು 2,500 ಅಂದರೆ 1,750 ಲಾಭ. 0.3 ಗುಣಿಸು 2,475 ಅಂದರೆ ಸುಮಾರು 742 ನಷ್ಟ. ಕೊನೆಗೆ ಒಂದು ತಳ್ಳಿಗೆ ಸರಾಸರಿ 1,000ಕ್ಕೂ ಸ್ವಲ್ಪ ಹೆಚ್ಚು ಲಾಭ. ಕಾಲ್ ಆದಾಗ ಮೂರರಲ್ಲಿ ಎರಡು ಸಲ ಸೋಲೋ ಎಲೆ ಇಟ್ಕೊಂಡೂ ಲಾಭ! ಎದುರಿನವನು ಎಸೆಯಬಹುದು ಅನ್ನೋ ಸಾಧ್ಯತೆಗೆ ಇರೋ ಈ ಬೆಲೆಗೆ ಫೋಲ್ಡ್ ಈಕ್ವಿಟಿ ಅಂತಾರೆ.

ಇದೇ ಬೆಲೆ ನೀವು ಕಾದಷ್ಟೂ ಕರಗೋದು. 10,000 ತಳ್ಳಿದಾಗ ಬಿಗ್ ಬ್ಲೈಂಡ್‌ನವನು ಇನ್ನೂ 9,000 ಹಾಕಿ 21,500ಕ್ಕೆ ಹೋರಾಡಬೇಕು. ಅವನಿಗೆ ಸುಮಾರು 42% ಗೆಲುವು ಬೇಕು, ಹಾಗಾಗಿ ಕೆಟ್ಟ ಎಲೆ ಎಸೀತಾನೆ. 2,500 ತಳ್ಳಿದಾಗ ಅವನು ಹಾಕಬೇಕಾದ್ದು 1,500, ಸಿಗೋದು 6,500. 23% ಗೆಲುವು ಇದ್ದರೂ ಸಾಕು. ಹೋಲ್ಡ್‌ಎಮ್‌ನಲ್ಲಿ ಅತಿ ಕೆಟ್ಟ ಕೈ ಅಂತ ಬೈಸಿಕೊಳ್ಳೋ 7-2 ಕೂಡ ಯಾವುದೋ ಗೊತ್ತಿಲ್ಲದ ಕೈ ಎದುರು ಮೂರರಲ್ಲಿ ಒಂದು ಸಲ ಗೆಲ್ಲುತ್ತೆ. ಹಾಗಾಗಿ ಅವನು ಎಲೆ ನೋಡದೇ ಕಾಲ್ ಮಾಡಿದರೂ ಸರಿಯೇ. ಎದುರಿನವನನ್ನು ಹೆದರಿಸೋ ಶಕ್ತಿ ಇರೋವಾಗಲೇ ತಳ್ಳಬೇಕು ಅನ್ನೋದು ಇದಕ್ಕೇ.

ಯಾವಾಗ, ಎಲ್ಲಿಂದ, ಯಾವ ಎಲೆಯಲ್ಲಿ?

ಮೊದಲನೇದು, ಮೊದಲು ತಳ್ಳೋನು ನೀವಾಗಿರಬೇಕು. ಬೇರೆಯವನು ಆಗಲೇ ತಳ್ಳಿದ್ದರೆ ಅವನು ಎಸೆಯೋ ಪ್ರಶ್ನೆಯೇ ಇಲ್ಲ, ನಿಮ್ಮ ಫೋಲ್ಡ್ ಈಕ್ವಿಟಿ ಸೊನ್ನೆ. ಹಾಗಾಗಿ ತಳ್ಳೋಕೆ ಬೇಕಾದ ಎಲೆಗಿಂತ ಕಾಲ್ ಮಾಡೋಕೆ ಬೇಕಾದ ಎಲೆ ದೊಡ್ಡದಿರಬೇಕು. ಡೇವಿಡ್ ಸ್ಕ್ಲಾನ್ಸ್ಕಿ ಅನ್ನೋ ಲೇಖಕರು ಇದಕ್ಕೆ ಗ್ಯಾಪ್ ಅಂತ ಹೆಸರಿಟ್ಟರು. ಇಬ್ಬರೇ ಉಳಿದು 10 ಬಿಗ್ ಬ್ಲೈಂಡ್ ಇದ್ದಾಗ ನ್ಯಾಶ್ ಸಮತೋಲನದ ಲೆಕ್ಕ ಕೂಡ ಇದನ್ನೇ ಹೇಳುತ್ತೆ: ಸ್ಮಾಲ್ ಬ್ಲೈಂಡ್‌ನವನು ಅರ್ಧಕ್ಕಿಂತ ಹೆಚ್ಚು ಕೈಗಳನ್ನು ತಳ್ಳಬೇಕು, ಬಿಗ್ ಬ್ಲೈಂಡ್‌ನವನು ಅದಕ್ಕಿಂತ ತುಂಬಾ ಕಡಿಮೆ ಕೈಗಳಲ್ಲಿ ಕಾಲ್ ಮಾಡಬೇಕು.

ಎರಡನೇದು, ನಿಮ್ಮ ನಂತರ ಎಷ್ಟು ಜನ ಇದ್ದಾರೆ ನೋಡಿ. ಒಬ್ಬೊಬ್ಬನ ಹತ್ರ ದೊಡ್ಡ ಕೈ ಇರೋ ಸಾಧ್ಯತೆ 10% ಅಂದುಕೊಳ್ಳಿ. ನಿಮ್ಮ ನಂತರ ಎಂಟು ಜನ ಇದ್ದರೆ ಯಾರ ಹತ್ರಾನೂ ಇಲ್ಲದಿರೋ ಸಾಧ್ಯತೆ 0.9ರ ಎಂಟನೇ ಘಾತ, ಸುಮಾರು 43%. ಇಬ್ಬರೇ ಇದ್ದರೆ 81%. ಅದೇ ಎಲೆ, ಅದೇ ಬಿಲ್ಲೆ, ಕೂತ ಜಾಗ ಮಾತ್ರ ಬೇರೆ. ಆದ್ದರಿಂದ ಮೊದಲ ಸರದಿಯಲ್ಲಿ ಬಿಗಿಯಾಗಿ, ಕೊನೆಯ ಸರದಿಗಳಲ್ಲಿ ಧಾರಾಳವಾಗಿ.

ಮೂರನೇದು ಎಲೆ. ಎಕ್ಕ ಬಂದ ತಕ್ಷಣ ಎಲ್ಲರೂ ಖುಷಿಪಡ್ತಾರೆ. ಆದರೆ ನಿಮ್ಮ ಎಕ್ಕ-ಐದನ್ನು ಎಕ್ಕ-ರಾಜ ಇರೋನು ಕಾಲ್ ಮಾಡಿದರೆ ನೀವು ಗೆಲ್ಲೋದು ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ಸಲ. ಒಂದೇ ಬಣ್ಣದ ಗುಲಾಮ-ಹತ್ತು ಅದೇ ಎಕ್ಕ-ರಾಜನ ಎದುರು ಸುಮಾರು 40% ಗೆಲ್ಲುತ್ತೆ, ಯಾಕಂದ್ರೆ ಅದರ ಎಲೆಗಳು ಎದುರಿನವನ ಎಲೆಯ ನೆರಳಲ್ಲಿ ಇಲ್ಲ. ಎಕ್ಕ ಎಸೀರಿ ಅಂತಲ್ಲ. ಕಾಲ್ ಆದಾಗ ಬದುಕೋ ಎಲೆ ಯಾವುದು ಅಂತ ಯೋಚಿಸಿ.

ಇಲ್ಲಿ ಒಂದು ಪ್ರಸಿದ್ಧ ಕತೆ ಹೇಳಲೇಬೇಕು. 1982ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯದಲ್ಲಿ ಜ್ಯಾಕ್ ಸ್ಟ್ರಾಸ್ ಎಲ್ಲ ಕಳಕೊಂಡೆ ಅಂತ ಏಳೋ ಹೊತ್ತಿಗೆ ಒಂದೇ ಒಂದು 500ರ ಬಿಲ್ಲೆ ಕಂಡಿತಂತೆ. ಅದರಿಂದಲೇ ಆಡಿ ಕೊನೆಗೆ ಪಂದ್ಯ ಗೆದ್ದುಬಿಟ್ಟರು. ಒಂದು ಬಿಲ್ಲೆ, ಒಂದು ಕುರ್ಚಿ ಇದ್ದರೆ ಸಾಕು ಅನ್ನೋ ಮಾತು ಇದರಿಂದಲೇ ಜನಪ್ರಿಯ ಆಯ್ತು. ಆದರೆ ಅದು ಇಷ್ಟು ವರ್ಷ ಆದ್ಮೇಲೂ ಕತೆಯಾಗಿ ಉಳಿದಿರೋದು ಅಪರೂಪ ಅನ್ನೋ ಕಾರಣಕ್ಕೆ. ಒಂದು ಬಿಲ್ಲೆ ಇಟ್ಕೊಂಡು ಸೋತೋರ ಕತೆ ಯಾರೂ ಬರೆಯಲ್ಲ.

ಹತ್ತು ವಡೆಯ ಲೆಕ್ಕ

ಬಹುಮಾನದ ಹತ್ತಿರ ಬಂದಾಗ ಇನ್ನೊಂದು ತಿರುವು ಇದೆ. ಬಿಲ್ಲೆಯ ಪಾಲು ಬೇರೆ, ಬಹುಮಾನದ ಪಾಲು ಬೇರೆ. ಒಂದು ಶನಿವಾರ ಕೊನೆಗೆ ನಾವು ಮೂವರೇ ಉಳಿದಿದ್ವಿ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಅಂಕಿಗಳನ್ನ ದುಂಡಗೆ ಮಾಡಿ ಹೇಳ್ತೀವಿ. ಒಟ್ಟು ಬಿಲ್ಲೆಯಲ್ಲಿ ಮಂಡ್ಯದವನದು 50%, ಮದ್ದೂರಿನವನದು 40%, ಮಳವಳ್ಳಿಯವನದು 10%.

ಬಿಲ್ಲೆ ಇದ್ದಷ್ಟು ಪಾಲು ಅಂದ್ರೆ ಮಳವಳ್ಳಿಯವನಿಗೆ ಒಂದು ವಡೆ ಬರಬೇಕು. ಆದರೆ ಈಗಲೇ ಔಟ್ ಆದರೂ ಅವನಿಗೆ ಎರಡು ವಡೆ ಗ್ಯಾರಂಟಿ! ಮೊದಲ ಸ್ಥಾನದ ಸಾಧ್ಯತೆ ಬಿಲ್ಲೆಯ ಪಾಲಿನಷ್ಟು, ಎರಡನೇ ಸ್ಥಾನದ್ದು ಉಳಿದವರ ನಡುವೆ ಅದೇ ಅನುಪಾತ ಅಂತ ಲೆಕ್ಕ ಹಾಕಿದರೆ ಮಂಡ್ಯದವನ ಪಾಲು 3.89 ವಡೆ, ಮದ್ದೂರಿನವನದು 3.64, ಮಳವಳ್ಳಿಯವನದು 2.47. ಈ ವಿಧಾನಕ್ಕೆ ಐಸಿಎಮ್ ಅಂತಾರೆ.

ಈಗ ಮಂಡ್ಯದವನು ತಳ್ಳಿದ, ಮದ್ದೂರಿನವನು ಕಾಲ್ ಮಾಡಬೇಕಾ? ಬ್ಲೈಂಡ್‌ಗಳನ್ನ ಸದ್ಯಕ್ಕೆ ಬಿಡಿ. ಗೆದ್ದರೆ ಅವನ ಪಾಲು 4.58 ವಡೆ ಆಗುತ್ತೆ, ಅಂದರೆ 0.94 ಹೆಚ್ಚು. ಸೋತರೆ ಎರಡೇ ವಡೆ, ಅಂದರೆ 1.64 ಕಮ್ಮಿ. ಹಾಗಾಗಿ ಅವನಿಗೆ ಗೆಲುವಿನ ಸಾಧ್ಯತೆ 64% ಇರಬೇಕು, 50% ಸಾಲಲ್ಲ. ಅದೇ ಮಳವಳ್ಳಿಯವನು ಮಂಡ್ಯದವನ ಎದುರು ತನ್ನದೆಲ್ಲ ಕಟ್ಟೋಕೆ 54% ಇದ್ದರೆ ಸಾಕು. ಕಳ್ಕೊಳ್ಳೋಕೆ ಅವನ ಹತ್ರ ಜಾಸ್ತಿ ಇಲ್ಲ.

ಇದರಿಂದ ಎರಡು ವಿಷಯ ಗೊತ್ತಾಯ್ತು. ಬಹುಮಾನದ ಹತ್ತಿರ ಎಲ್ಲರಿಗಿಂತ ಕಟ್ಟಿಹಾಕಿಸಿಕೊಂಡಿರೋನು ಮಧ್ಯದವನು, ಕೊನೆಯವನಲ್ಲ. ಮತ್ತೆ, ನಿಮಗಿಂತ ಕಮ್ಮಿ ಇರೋನು ಒಬ್ಬ ಏಳೋ ಹಾಗಿದ್ದರೆ ದೊಡ್ಡವನ ಜೊತೆ ಗುದ್ದಾಡಬೇಡಿ.

ಈ ಲೆಕ್ಕ ಎಲ್ಲಿ ನಡೆಯಲ್ಲ

ಈಗ ಈ ಲೇಖನ ಬರೆಯೋಕೆ ನಿಜವಾದ ಕಾರಣ. ನಮ್ಮಲ್ಲೊಬ್ಬ, ಯಾರು ಅಂತ ಹೇಳಲ್ಲ, ಫಸ್ಟ್ ಇಯರ್‌ನಲ್ಲಿ ಫೋನಿನ ಒಂದು ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಆಡೋಕೆ ಶುರು ಮಾಡಿದ. ಮೆಸ್ ಬಿಲ್‌ಗೆ ಅಂತ ಮನೆಯಿಂದ ಬಂದಿದ್ದ 4,800 ರೂಪಾಯಿ ಹತ್ತು ದಿನದಲ್ಲಿ 400ಕ್ಕೆ ಇಳೀತು. ಆಗ ಅವನು ಹೇಳಿದ ಮಾತು ನಮಗಿನ್ನೂ ನೆನಪಿದೆ: “ಈಗ ನಾನು ಶಾರ್ಟ್ ಸ್ಟ್ಯಾಕು ಕಣ್ರೋ, ತಳ್ಳೋದೇ ಸರಿ.” ತಳ್ಳಿದ. ಹೋಯ್ತು. ಆಮೇಲೆ ಪಕ್ಕದ ರೂಮಿನವನ ಹತ್ರ ಸಾಲ ಮಾಡಿ ಮತ್ತೆ ತಳ್ಳಿದ. ನಾವೂ ಆವತ್ತು ಅವನ ಮಾತಿಗೆ ತಲೆ ಆಡಿಸಿದ್ವಿ, ಯಾಕಂದ್ರೆ ಮೇಲೆ ಬರೆದ ಲೆಕ್ಕ ಎಲ್ಲಾ ನಮಗೂ ಗೊತ್ತಿತ್ತು.

ತಪ್ಪು ಎಲ್ಲಿತ್ತು? ಟೂರ್ನಮೆಂಟಿನಲ್ಲಿ ತಳ್ಳೋದು ಸರಿ ಆಗೋದು ಸುಮ್ಮನೆ ಕೂತರೂ ಬಿಲ್ಲೆ ಕರಗುತ್ತೆ ಅನ್ನೋ ಒಂದೇ ಕಾರಣಕ್ಕೆ. ಜೇಬಿನಲ್ಲಿರೋ 400 ರೂಪಾಯಿ ಸುಮ್ಮನೆ ಕೂತರೆ ನಾಳೆಯೂ 400 ರೂಪಾಯಿಯೇ. ಅದಕ್ಕೆ ಯಾರೂ ಬ್ಲೈಂಡ್ ಕೇಳ್ತಿಲ್ಲ. ಕಾಯೋದಕ್ಕೆ ಬಾಡಿಗೆ ಇಲ್ಲದ ಕಡೆ ಕಾಯೋದೇ ಸರಿಯಾದ ಆಟ.

“ಸಾಲಕ್ಕೆ ಬಡ್ಡಿ ಇರುತ್ತಲ್ಲ, ಅದೇ ಬ್ಲೈಂಡು” ಅಂತ ಅವನು ಆಮೇಲೆ ವಾದ ಮಾಡಿದ. ಇದಕ್ಕೂ ಉತ್ತರ ಇದೆ. ತಳ್ಳಿದಾಗ ಲಾಭ ಬಂದಿದ್ದು ಎದುರಿನವನು ಎಸೆದಿದ್ದರಿಂದ. ಸಾಲ ಕೊಟ್ಟೋನು ಯಾವತ್ತೂ ಎಲೆ ಎಸೆಯಲ್ಲ. ಮೇಲಾಗಿ ದುಡ್ಡಿನ ಆಟದಲ್ಲಿ ಆಡಿಸೋ ಕಂಪನಿ ತನ್ನ ಪಾಲು ಮೊದಲೇ ತೆಗೆದುಕೊಳ್ಳುತ್ತೆ. ಕೊನೇದು, ಟೂರ್ನಮೆಂಟಿನಲ್ಲಿ ಹೊರಗಿನಿಂದ ಬಿಲ್ಲೆ ತರೋಕೆ ಆಗಲ್ಲ, ಸೊನ್ನೆ ಅಂದ್ರೆ ಸೊನ್ನೆ, ಅದಕ್ಕಿಂತ ಕೆಳಗೆ ಹೋಗೋಕೂ ಆಗಲ್ಲ. ಜೀವನದಲ್ಲಿ ಎರಡೂ ಆಗುತ್ತೆ. ಸೊನ್ನೆಗಿಂತ ಕೆಳಗೂ ಹೋಗಬಹುದು, ಹೊರಗಿನಿಂದ ಸಹಾಯಾನೂ ಬರಬಹುದು.

ಅವನ ವಿಷಯದಲ್ಲಿ ಸಹಾಯ ಬಂದಿದ್ದು ಅಕ್ಕನಿಂದ. ಮೂರು ವಾರ ಮುಚ್ಚಿಟ್ಟು, ಕೊನೆಗೆ ಫೋನ್ ಮಾಡಿ ಹೇಳಿದ. “ಮೊದ್ಲೇ ಹೇಳಕ್ಕೇನ್ಲಾ ದಾಡಿ ನಿಂಗೆ?” ಅಂತ ಅರ್ಧ ಗಂಟೆ ಬೈದು ಸಂಜೆ ದುಡ್ಡು ಹಾಕಿದ್ರು. ಸಾಲ ತೀರಿತು. ಆ್ಯಪ್ ಅಳಿಸಿದ.

ಕಾನೂನಿನ ವಿಷಯವೂ ತಿಳಿದಿರಲಿ. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವೋ ಅದೃಷ್ಟದ ಆಟವೋ ಅನ್ನೋದೇ ಅಲ್ಲಿನ ದೊಡ್ಡ ಚರ್ಚೆ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸ್ ಮಾಡಿತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ಪ್ರಕಾರ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ಕೌಶಲದ್ದಾದರೂ ಸರಿ, ಅದೃಷ್ಟದ್ದಾದರೂ ಸರಿ, ಆಡಿಸೋ ಹಾಗಿಲ್ಲ. ಆಡಿಸಿದೋರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಈಗಲೂ ಯಾರಾದ್ರೂ ಟೆಲಿಗ್ರಾಮ್‌ನಲ್ಲಿ ಲಿಂಕ್ ಕಳಿಸಿ “ಇಲ್ಲಿ ಆಡು ಮಗಾ” ಅಂದ್ರೆ, ಅಲ್ಲಿ ನಿಮ್ಮ ದುಡ್ಡಿಗೆ ಯಾವ ಗ್ಯಾರಂಟಿಯೂ ಇಲ್ಲ.

ಆಟ ಕಲಿಯೋಕೆ ದುಡ್ಡು ಬೇಕಾಗಿಲ್ಲ. ಒಂದು ಕಟ್ಟು ಇಸ್ಪೀಟು, ಒಂದಷ್ಟು ಪ್ಲಾಸ್ಟಿಕ್ ಬಿಲ್ಲೆ, ಪ್ರಾಬಬಿಲಿಟಿ ಯೂನಿಟ್‌ನ ನೋಟ್ಸ್ ಇದ್ದರೆ ಸಾಕು. ಮುಂದಿನ ಸಲ ನಿಮ್ಮ ಮುಂದೆ ಹತ್ತೇ ಬ್ಲೈಂಡ್ ಉಳಿದಾಗ ಮೊದಲು ಕೇಳ್ಕೊಳ್ಳಿ: ಸುಮ್ಮನೆ ಕೂತರೆ ಇದು ಕರಗುತ್ತಾ? ಕರಗುತ್ತೆ ಅಂದ್ರೆ, ಜಾಗ ನೋಡಿ ಬೇಗ ತಳ್ಳಿ. ಕರಗಲ್ಲ ಅಂದ್ರೆ ಎದ್ದು ಬನ್ನಿ. ಏನಾದ್ರೂ ಎಡವಟ್ಟು ಆಗಿದ್ದರೆ ಮನೆಗೆ ಒಂದು ಫೋನ್ ಮಾಡಿ, ಮೂರು ವಾರ ಕಾಯಬೇಡಿ.